ತುಟಿ ಕೂಡದ ನಗು

ಮೊದಲು ಅದನ್ನು ಕಂಡವರು ಮೂರನೇ ಇಯತ್ತೆಯ ಮಕ್ಕಳು.

ರಬಕವಿಯ ಒಂದು ಖಾಸಗಿ ಶಾಲೆಯಲ್ಲಿ ಸುಪ್ರೀತಾ ಎರಡು ವರ್ಷದಿಂದ ಕನ್ನಡ ಕಲಿಸುತ್ತಿದ್ದಳು. ಜುಲೈ ತಿಂಗಳ ಒಂದು ಸಂಜೆ ಮನೆಗೆ ಬಂದವಳು ಚಪ್ಪಲಿ ಬಿಡುತ್ತಲೇ ತಾಯಿಗೆ ಹೇಳಿದಳು.

"ಅವ್ವಾ, ಇವತ್ತ ಒಂದು ಹುಡುಗಿಗೆ ಬೈದ್ನಿ. ಅಳಾಕತ್ತಿತ್ತು. ಅಳೂದು ಬಿಟ್ಟು ನನ್ನ ಮಾರಿ ನೋಡಿ, 'ಟೀಚರ, ನೀವ್ಯಾಕ ನಗಾಕತ್ತೀರಿ' ಅಂತು. ನಾ ನಕ್ಕಿರಲಿಲ್ಲ."

ರಾಜಮತಿ ಶೇಂಗಾ ಒಡೆಯುತ್ತ ಕೂತಿದ್ದಳು. ತಲೆ ಎತ್ತಿ ಮಗಳ ಮುಖ ನೋಡಿದಳು. ಸುಪ್ರೀತಾ ಗಾಬರಿಯಲ್ಲಿದ್ದಳು; ಅದು ಕಣ್ಣಲ್ಲಿ ಕಾಣುತ್ತಿತ್ತು. ಕಣ್ಣಿನ ಕೆಳಗೆ ಮಾತ್ರ ಮೇಲಿನ ತುಟಿ ತುಸು ಮೇಲಕ್ಕೆ ಹೋಗಿ, ಹಲ್ಲಿನ ಸಾಲು ಬಿಚ್ಚಿಕೊಂಡು ಹಾಗೆಯೇ ನಿಂತಿತ್ತು. ನಾಲ್ಕು ಉಸಿರಿನಷ್ಟು ಹೊತ್ತು ನಿಂತು ಆಮೇಲೆ ಇಳಿಯಿತು.

"ಸಣ್ಣ ಹುಡುಗರು ಏನರ ಅಂತಾವ," ಎಂದು ರಾಜಮತಿ ಮತ್ತೆ ಶೇಂಗಾಕ್ಕೆ ಕೈ ಹಾಕಿದಳು. ಆದರೆ ಬೆರಳುಗಳಿಗೆ ಸಿಪ್ಪೆ ಯಾವುದು, ಕಾಳು ಯಾವುದು ತಿಳಿಯಲಿಲ್ಲ.

ಆ ನಗು ಅವಳಿಗೆ ಗೊತ್ತಿತ್ತು. ಒಂಬತ್ತು ವರ್ಷದ ಹಿಂದೆ ಇದೇ ಮನೆಯಲ್ಲಿ ಅದನ್ನು ಹದಿನಾಲ್ಕು ತಿಂಗಳು ದಿನವೂ ನೋಡಿದ್ದಳು. ಆಗ ಅದು ಇದ್ದದ್ದು ಹಿರಿಯ ಮಗಳು ನೇಹಾಳ ಮುಖದ ಮೇಲೆ.

ನೇಹಾಳಿಗೆ ಹದಿನೆಂಟು ತುಂಬಿದ ವರ್ಷ ಮೊದಲು ಅಕ್ಷರ ಸಣ್ಣಗಾದವು. ಕಾಲೇಜಿನ ನೋಟುಬುಕ್ಕಿನಲ್ಲಿ ಸಾಲುಗಳು ದಪ್ಪಗೆ ಶುರುವಾಗಿ ಬಲಕ್ಕೆ ಹೋಗುತ್ತ ಹೋಗುತ್ತ ಇರುವೆಗಳಾಗಿಬಿಡುತ್ತಿದ್ದವು. ಆಮೇಲೆ ಕೈ ನಡುಕ ಬಂತು, ಮಾತು ತೊದಲಿತು. ಕೊನೆಗೆ ಬಂದದ್ದು ಆ ನಗು. ಸಿಟ್ಟು ಬಂದರೂ ನಗು, ಹೊಟ್ಟೆ ನೋವಿನಿಂದ ಮುದುಡಿ ಮಲಗಿದರೂ ನಗು. ಓಣಿಯ ಹೆಂಗಸರು ಬರುವುದನ್ನು ಬಿಟ್ಟರು. ಔಷಧ ಮಾಡಿದರು, ನಾಟಿ ಮದ್ದು ಮಾಡಿದರು. ಬಸದಿಯಲ್ಲಿ ಅಭಿಷೇಕ ಮಾಡಿಸಿದರು. ಜೈನರ ಮನೆಯವರು ಹೋಗಬಾರದ ಕಡೆಗೂ ಹೋದರು. ಹುನ್ನೂರಿನ ಆಚೆಯ ಒಂದು ತೋಟದ ಮನೆಯಲ್ಲಿ ಚನಮಲ್ಲಪ್ಪ ಎಂಬ ಮುದುಕನಿದ್ದ. ಅವನು ನೇಹಾಳನ್ನು ಬಹಳ ಹೊತ್ತು ನೋಡಿ ಹೇಳಿದ್ದ:

"ನಗಾಕತ್ತಾಕಿ ನಿಮ್ಮ ಮಗಳಲ್ಲವ್ವ. ಒಳಗ ಇನ್ನೊಬ್ಬಾಕಿ ಕುಂತಾಳ. ಅಕಿಗೆ ನಿಮ್ಮ ಮನಿ ಬಾಗಲಾ ಗೊತ್ತಾಗೇತಿ."

ನಲವತ್ತು ದಿನ ತಾಮ್ರದ ತಂಬಿಗೆಯಲ್ಲಿ ರಾತ್ರಿಯೆಲ್ಲ ನೀರಿಟ್ಟು ಬೆಳಿಗ್ಗೆ ಕುಡಿಸಲು ಹೇಳಿದ. ರಾಜಮತಿ ಒಂದು ದಿನವೂ ತಪ್ಪಿಸಲಿಲ್ಲ. ನೇಹಾ ಹೋದ ದಿನ ಕಣ್ಣು ಮುಚ್ಚಿದವಳೂ ಅವಳೇ. ಬಾಯಿ ಮುಚ್ಚಲು ಮಾತ್ರ ಆಗಲಿಲ್ಲ. ಮೈ ತೊಳೆಯಲು ಬಂದ ಹೆಂಗಸರು ಆ ಮುಖದ ಮೇಲೆ ಒಂದು ಬಿಳಿ ವಸ್ತ್ರ ಹಾಕಿಯೇ ತೊಳೆದರು.

ಆಗ ಸುಪ್ರೀತಾಳಿಗೆ ಹದಿನೈದು, ಕಿರಿಯವನಾದ ಶುಭಂಗೆ ಹತ್ತು.

ಶೇಂಗಾ ಒಡೆದ ಆ ಸಂಜೆಯ ಮೇಲೆ ರಾಜಮತಿ ಒಂದು ತಿಂಗಳು ಯಾರಿಗೂ ಏನೂ ಹೇಳಲಿಲ್ಲ. ಹೇಳಿದರೆ ಅದು ಖರೆಯಾಗಿಬಿಡುತ್ತದೆ ಎಂಬ ಅಂಜಿಕೆ. ಮಗಳು ನಡೆಯುವಾಗ ಬಲಗೈ ಬೀಸದೆ ಮೈಗೆ ಅಂಟಿಕೊಂಡಿರುವುದನ್ನು ನೋಡಿದಳು. ಊಟಕ್ಕೆ ಕೂತಾಗ ಕಟಬಾಯಿಂದ ಜೊಲ್ಲು ಇಳಿಯುವುದನ್ನು ನೋಡಿ, ಮಗಳು ಒರೆಸಿಕೊಳ್ಳುವ ಮೊದಲೇ ಮುಖ ತಿರುಗಿಸಿದಳು.

ಆಗಸ್ಟ್ ಹದಿನೈದರ ವಿಡಿಯೋ ಬಂದಿತು. ಗಂಡ ಆದಪ್ಪ ಬನಹಟ್ಟಿಯಲ್ಲಿ ನೂಲಿನ ವ್ಯಾಪಾರ ಮಾಡುವವನು, ಮಾತು ಕಡಿಮೆ. ಶಾಲೆಯವರು ಕಳಿಸಿದ ವಿಡಿಯೋವನ್ನು ಮೊಬೈಲಿನಲ್ಲಿ ಮೂರು ಸಲ ನೋಡಿದ. ಧ್ವಜದ ಮುಂದೆ ಒಂಬತ್ತು ಜನ ಶಿಕ್ಷಕಿಯರು ಸಾಲಾಗಿ ನಿಂತಿದ್ದರು. ಎಂಟು ಮುಖ ಗಂಭೀರವಾಗಿದ್ದವು. ಒಂಬತ್ತನೆಯ ಮುಖ ಕ್ಯಾಮೆರಾದ ಆಚೆ ನಿಂತ ಯಾರನ್ನೋ ನೋಡಿ ನಗುತ್ತಿತ್ತು. ಹಾಡು ಮುಗಿಯುವ ತನಕ ನಗುತ್ತಲೇ ಇತ್ತು.

ಆದಪ್ಪ ಮೊಬೈಲನ್ನು ಬೋರಲು ಹಾಕಿದ. "ನಾಳಿಗೆ ಜಮಖಂಡಿಗೆ ಹೋಗೂಣು," ಎಂದ.

ಜಮಖಂಡಿಯ ಡಾಕ್ಟರು ವಯಸ್ಸಾದವರು. ಸುಪ್ರೀತಾಳ ಕೈ ಮುಂದೆ ಚಾಚಿಸಿ ನೋಡಿದರು, ಹೊಟ್ಟೆ ಒತ್ತಿ ನೋಡಿದರು, ಸಣ್ಣವಳಿದ್ದಾಗ ಕಾಮಣಿ ಆಗಿ ಕಣ್ಣು ಹಳದಿಯಾಗಿತ್ತೇ ಎಂದು ಕೇಳಿದರು. ಆಗಿತ್ತು, ಹನ್ನೆರಡನೆಯ ವಯಸ್ಸಿನಲ್ಲಿ. ನೇಹಾಳ ವಿಷಯ ಕೇಳಿದ ಮೇಲೆ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟು, ಪಕ್ಕದ ಓಣಿಯ ಕಣ್ಣಿನ ಡಾಕ್ಟರಿಗೆ ಚೀಟಿ ಕೊಟ್ಟರು.

ಕಣ್ಣಿನ ಡಾಕ್ಟರು ಕತ್ತಲ ಕೋಣೆಯಲ್ಲಿ ಸುಪ್ರೀತಾಳ ಗದ್ದವನ್ನು ಯಂತ್ರದ ಮೇಲೆ ಇರಿಸಿ ನೋಡಿದರು. ಆಮೇಲೆ ಟಾರ್ಚು ಓರೆಯಾಗಿ ಹಿಡಿದು ತಂದೆ ತಾಯಿಗೂ ತೋರಿಸಿದರು. ಕರಿಗುಡ್ಡೆಯ ಅಂಚಿಗೆ ಸುತ್ತಲೂ ಒಂದು ಕಂದು ಬಣ್ಣದ ತೆಳ್ಳನೆಯ ಬಳೆ. ಬೆಳಕು ಬಿದ್ದ ಕಡೆ ಅದು ಬಂಗಾರದ ಹಾಗೆ ಮಿಂಚುತ್ತಿತ್ತು.

ನೇಹಾಳ ಕಣ್ಣು ಮುಚ್ಚುವಾಗ ರಾಜಮತಿ ಈ ಬಳೆಯನ್ನು ನೋಡಿದ್ದಳು. ತಲೆದೆಸೆಗಿಟ್ಟ ದೀಪದ ನೆರಳು ಎಂದುಕೊಂಡಿದ್ದಳು.

ಬೆಳಗಾವಿಯ ದೊಡ್ಡ ಆಸ್ಪತ್ರೆಯಲ್ಲಿ ಆರು ದಿನ ಇದ್ದರು. ಅಲ್ಲಿಯ ನರರೋಗದ ಡಾಕ್ಟರಬಾಯಿ ಅವಸರ ಮಾಡದೆ ಮಾತಾಡುವವಳು. ಮೂವರನ್ನೂ ಎದುರಿಗೆ ಕೂಡಿಸಿಕೊಂಡು ಹೇಳಿದಳು:

"ಇದಕ್ಕ ವಿಲ್ಸನ್ ಕಾಯಿಲೆ ಅಂತಾರ್ರಿ. ನಾವು ಉಣ್ಣೂದರಾಗ ದಿನಾ ಒಂದೀಟು ತಾಮ್ರ ಇರತೈತಿ. ಉಳಿದವರ ಮೈ ಹೆಚ್ಚಾದದ್ದನ್ನ ಹೊರಗ ಹಾಕತೈತಿ. ಇಕಿ ಮೈಗೆ ಅದು ಬರೂದಿಲ್ಲ. ಹುಟ್ಟಿದಾಗಿಂದ ಲಿವರಿನಾಗ, ಮಿದುಳಿನಾಗ, ಕಣ್ಣಾಗ ಕೂಡಕೋತ ಬಂದೈತಿ. ತಂದಿ ಕಡೆಯಿಂದ್ಲೂ ತಾಯಿ ಕಡೆಯಿಂದ್ಲೂ ಬಂದ್ರಷ್ಟ ಹಿಂಗ ಆಗತೈತಿ. ನಿಮ್ಮದು ಬಳಗದಾಗ ಲಗ್ನ ಏನ್ರಿ?"

"ಹೌದ್ರಿ. ಇವರು ನಮ್ಮ ಸೋದರತ್ತಿ ಮಗಾ," ಎಂದಳು ರಾಜಮತಿ.

"ಹಿರಿಯಾಕಿಗೂ ಬಹುಶಃ ಇದ ಇತ್ತು. ಆಗ ಯಾರಿಗೂ ಹೊಳಿಲಿಲ್ಲ. ಮನ್ಯಾಗ ಕುಡಿಯೂ ನೀರು ಯಾವ ಪಾತ್ರಿದಾಗ ಇಡತೀರಿ?"

ರಾಜಮತಿ ತಂಬಿಗೆಯ ವಿಷಯ ಹೇಳಿದಳು, ನಲವತ್ತು ದಿನದ ವಿಷಯ ಹೇಳಿದಳು. "ನಾನ ನನ್ನ ಕೈಯಾರೆ ಕುಡಿಸಿ ಕೊಂದ್ನೇನ್ರಿ ಅಕಿನ್ನ?"

"ಇಲ್ಲ. ಆ ನೀರಿನಿಂದ ಈ ರೋಗ ಬರೂದಿಲ್ಲ, ಅದನ್ನ ಬಿಟ್ಟಿದ್ರ ಅಕಿ ಉಳೀತಿದ್ಲು ಅಂತನೂ ಅಲ್ಲ. ಸರಿಯಾದ ಔಷಧ ಇಲ್ಲದ ಹೋದ್ಲು. ಆದ್ರ ಇನ್ನ ಮ್ಯಾಲೆ ತಾಮ್ರದ ಪಾತ್ರಿ ಬ್ಯಾಡ, ಹಿತ್ತಾಳಿನೂ ಬ್ಯಾಡ."

ಆಮೇಲೆ ಒಂದು ಬಿಳಿ ಬಾಟಲಿ ಮೇಜಿನ ಮೇಲೆ ಇಟ್ಟಳು. ಪೆನಿಸಿಲಮಿನ್ ಎಂಬ ಕ್ಯಾಪ್ಸೂಲು. ಮೈಯಲ್ಲಿ ಕೂಡಿಕೊಂಡ ತಾಮ್ರವನ್ನು ಹಿಡಿದು ಮೂತ್ರದಲ್ಲಿ ಹೊರಗೆ ತರುವ ಔಷಧ. ಪೆನಿಸಿಲಿನ್ ಇಂಜೆಕ್ಷನ್ ಎಂದಾದರೂ ಮೈಗೆ ಆಗಿಬರದೆ ಹೋದದ್ದು ಇತ್ತೇ ಎಂದು ಕೇಳಿ, ಇಲ್ಲವೆಂದು ಖಾತ್ರಿ ಮಾಡಿಕೊಂಡಳು. ಬರೇ ಹೊಟ್ಟೆಯಲ್ಲಿ ತಗೊಳ್ಳಬೇಕು. ಊಟಕ್ಕೆ ಒಂದು ತಾಸು ಮೊದಲು, ಇಲ್ಲವೆ ಉಂಡು ಎರಡು ತಾಸಿನ ಮೇಲೆ. ಹಾಲಿನ ಜೊತೆ ಬೇಡ. ರಕ್ತ ಕಡಿಮೆ ಎಂದು ಯಾರಾದರೂ ಕಬ್ಬಿಣದ ಗುಳಿಗೆ ಕೊಟ್ಟರೆ ಕೇಳದೆ ನುಂಗಬಾರದು. ಜೊತೆಗೆ ದಿನಕ್ಕೊಂದು ಬಿ-ಆರು ವಿಟಮಿನ್ ಗುಳಿಗೆ. ರಕ್ತ ಮತ್ತು ಮೂತ್ರದ ಪರೀಕ್ಷೆ ಮೊದಲು ಪದೇ ಪದೇ. ಜ್ವರ, ಮೈಮೇಲೆ ಗಂಧೆ, ಗಂಟಲು ನೋವು, ಬಾಯಿಹುಣ್ಣು, ಕಾಲು ಬಾವು, ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಫೋನು.

"ಇನ್ನೊಂದು ಮಾತು," ಎಂದು ಡಾಕ್ಟರಬಾಯಿ ರಾಜಮತಿಯ ಕಡೆಗೇ ತಿರುಗಿದಳು. "ಮೊದಲ ಕೆಲವು ವಾರ ಕೆಲವರಿಗೆ ನಡುಕ, ಮಾತು ಇನ್ನಷ್ಟು ಕೆಡತಾವು. ಹಂಗಾದ್ರ ನನಗ ಹೇಳ್ರಿ. ನೀವ ನಿಲ್ಲಿಸಬ್ಯಾಡ್ರಿ. ಈ ಔಷಧ ಹಚ್ಚೂದು, ಹೆಚ್ಚು ಕಡಿಮಿ ಮಾಡೂದು, ಬಿಡೂದು, ಎಲ್ಲಾ ನಾ ಹೇಳಿದಂಗ. ಮುಂದ ಲಗ್ನಾಗಿ ಬಸುರಾದ್ರೂ ಮೊದಲ ನನ್ನ ಕೇಳಬೇಕು. ಮತ್ತ ತಮ್ಮನ ಪರೀಕ್ಷಾನೂ ಮಾಡಸ್ರಿ. ಆರಾಮ ಕಂಡ್ರೂ ಮಾಡಸಬೇಕು."

"ಮೊದಲ ಇಕಿದು ಆಗಲ್ರಿ," ಎಂದ ಆದಪ್ಪ. ಶುಭಂ ಜಮಖಂಡಿಯಲ್ಲಿ ಡಿಪ್ಲೊಮಾ ಓದುತ್ತಿದ್ದ; ಕಬಡ್ಡಿ ಆಡಿಕೊಂಡು ಗಟ್ಟಿಯಾಗಿದ್ದ.

ಸುಪ್ರೀತಾಳ ಬೆರಳಿಗೆ ಬಾಟಲಿಯ ಮುಚ್ಚಳ ತಿರುಗಿಸಲು ಆಗುತ್ತಿರಲಿಲ್ಲ. ಹೀಗಾಗಿ ಔಷಧ ಕೊಡುವ ಕೆಲಸ ರಾಜಮತಿಯದಾಯಿತು. ಬೆಳಿಗ್ಗೆ ಆರಕ್ಕೊಂದು, ಸಂಜೆ ನಾಲ್ಕಕ್ಕೊಂದು. ಹೊತ್ತು ಮುಳುಗುವ ಮೊದಲೇ ಉಣ್ಣುವ ಮನೆಯಾದ್ದರಿಂದ ಆ ವೇಳೆ ಸರಿಹೊಂದಿತು. ಗಾಳಿಸಿದ ನೀರು ಸ್ಟೀಲಿನ ಲೋಟದಲ್ಲಿ ಹಿಡಿದು ಅಂಗೈ ಮೇಲೆ ಕ್ಯಾಪ್ಸೂಲು ಇಟ್ಟು, ಅದು ಗಂಟಲಿಳಿಯುವ ತನಕ ನಿಂತು ನೋಡುತ್ತಿದ್ದಳು.

ಮೂರನೆಯ ವಾರ ಸುಪ್ರೀತಾಳ ಮಾತು ಕೆಟ್ಟಿತು. ನಗು ಈಗ ಇಳಿಯುತ್ತಲೇ ಇರಲಿಲ್ಲ. ನಿದ್ದೆಯಲ್ಲೂ ಹಲ್ಲು ಕಾಣುತ್ತಿದ್ದವು. ಡಾಕ್ಟರಬಾಯಿ ಫೋನಿನಲ್ಲಿ, "ಇದು ನಾ ಹೇಳಿದ್ದ. ಡೋಸ್ ಹೆಚ್ಚು ಮಾಡೂದು ಬ್ಯಾಡ, ಇದ್ದಷ್ಟ ಮುಂದುವರಿಸ್ರಿ. ನುಂಗಾಕ ಬರದಿದ್ರ ತಕ್ಷಣ ಕರಕೊಂಡ ಬರ್ರಿ," ಎಂದಳು.

ಅದರ ಮರುದಿನ ಮಧ್ಯಾಹ್ನ ರಾಜಮತಿ ಅಡುಗೆಮನೆಯಲ್ಲಿದ್ದಳು. ಹಿಂದಿನ ಕೋಣೆಯಿಂದ ಯಾರೋ ಕರೆದರು.

"ಆಯಿ."

ರಾಜಮತಿಯ ಕೈಯಲ್ಲಿದ್ದ ಸೌಟು ಹಾಗೆಯೇ ನಿಂತಿತು. ಆ ಮನೆಯಲ್ಲಿ ಅವಳನ್ನು ಆಯಿ ಎಂದು ಕರೆಯುತ್ತಿದ್ದವಳು ಒಬ್ಬಳೇ. ನೇಹಾ ಮೂರು ವರ್ಷದ ತನಕ ಸಾಂಗಲಿ ಕಡೆಯ ಅಜ್ಜಿಯ ಮನೆಯಲ್ಲಿ ಬೆಳೆದವಳು. ಆ ಮರಾಠಿ ಮಾತು ಅಲ್ಲಿಂದ ತಂದಿದ್ದಳು. ಉಳಿದಿಬ್ಬರಿಗೆ ಅವಳು ಅವ್ವ.

"ಆಯಿ." ದನಿ ದಪ್ಪವಾಗಿತ್ತು, ತೇವವಾಗಿತ್ತು. ನೇಹಾಳ ಕೊನೆಯ ತಿಂಗಳುಗಳ ದನಿ.

ಕೋಣೆಗೆ ಹೋದಾಗ ಸುಪ್ರೀತಾ ಮಂಚದ ಮೇಲೆ ಕೂತು ಅವಳನ್ನೇ ನೋಡುತ್ತಿದ್ದಳು. ನಗುತ್ತಿದ್ದಳು.

ಆ ದಿನದಿಂದ ಸುಪ್ರೀತಾ ಅವ್ವ ಎನ್ನಲಿಲ್ಲ. ಆದಪ್ಪನೂ ಕೇಳಿಸಿಕೊಂಡ. ಒಂದು ಸಲ ತುತ್ತು ಬಾಯಿಗೆ ಒಯ್ಯುತ್ತಿದ್ದವನು ನಿಂತು, ಹೆಂಡತಿಯ ಮುಖ ನೋಡಿ, ಮತ್ತೆ ಉಂಡ. ಅವನು ಏನೂ ಅನ್ನಲಿಲ್ಲ ಎಂಬುದೇ ರಾಜಮತಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಚನಮಲ್ಲಪ್ಪ ತೀರಿಕೊಂಡು ಐದು ವರ್ಷವಾಗಿತ್ತು. ಅವನ ಮಾತು ಮಾತ್ರ ಈ ಮನೆಯಲ್ಲಿ ಓಡಾಡುತ್ತಿತ್ತು. ಮನಿ ಬಾಗಲಾ ಗೊತ್ತಾಗೇತಿ. ರಾಜಮತಿ ಲೆಕ್ಕ ಹಾಕಿದಳು: ಔಷಧ ಹಚ್ಚುವ ಮೊದಲು ಮಗಳ ನಗು ಬಂದು ಹೋಗುತ್ತಿತ್ತು, ಅವ್ವ ಎನ್ನುತ್ತಿದ್ದಳು. ಔಷಧ ಹಚ್ಚಿದ ಮೇಲೆ ಆ ಇನ್ನೊಬ್ಬಳು ಪೂರ್ತಿ ಒಳಗೆ ಬಂದಳು. ದಿನಕ್ಕೆರಡು ಸಲ ಬಾಗಿಲು ತೆರೆದುಕೊಡುತ್ತಿರುವವಳು ತಾನೇ.

ಅದೇ ವಾರ ಒಂದು ಬೆಳಿಗ್ಗೆ ಐದೂವರೆಗೆ ಎದ್ದು, ಒಂದು ಕ್ಯಾಪ್ಸೂಲನ್ನು ಎರಡೂ ತುದಿಗೆ ಬೆರಳಿನಿಂದ ಹಿಡಿದು ಎಳೆದಳು. ಅದು ಸಲೀಸಾಗಿ ಎರಡು ಟೊಪ್ಪಿಗೆಗಳಾಗಿ ಬಿಚ್ಚಿತು. ಒಳಗಿನ ಬಿಳಿ ಪುಡಿಗೆ ಗಂಧಕದಂಥ ವಾಸನೆಯಿತ್ತು. ಪುಡಿಯನ್ನು ಬಚ್ಚಲಿಗೆ ಸುರಿದು ನೀರು ಬಿಟ್ಟಳು. ಖಾಲಿ ಟೊಪ್ಪಿಗೆಯೊಳಗೆ ಅಕ್ಕಿ ಹಿಟ್ಟು ತುಂಬಿ ಮುಚ್ಚಿದಳು. ಆರಕ್ಕೆ ಅದನ್ನು ಮಗಳ ಅಂಗೈ ಮೇಲೆ ಇಟ್ಟು, ಎಂದಿನಂತೆ ಗಂಟಲಿಳಿಯುವ ತನಕ ನಿಂತು ನೋಡಿದಳು. ಸಂಜೆಯದಕ್ಕೂ ಹಾಗೆಯೇ ಮಾಡಿದಳು.

ಮೊದಲ ನಾಲ್ಕು ದಿನ ಮಗಳ ನಡುಕ ಕಡಿಮೆಯಾದಂತೆ ಕಂಡಿತು. ಒಂದು ದಿನ ತಾನೇ ಲೋಟ ಹಿಡಿದು ನೀರು ಕುಡಿದಳು. ರಾಜಮತಿ ಬಸದಿಗೆ ಹೋಗಿ ಬಹಳ ಹೊತ್ತು ಕೂತು ಬಂದಳು. ತಾನು ಮಾಡಿದ್ದು ಸರಿ ಎಂದುಕೊಂಡಳು.

ಆರನೆಯ ದಿನ ಸುಪ್ರೀತಾಳ ಕುತ್ತಿಗೆ ಎಡಕ್ಕೆ ತಿರುಚಿಕೊಂಡಿತು. ಎಂಟನೆಯ ದಿನ ಗಂಜಿ ನೆತ್ತಿಗೆ ಹತ್ತಿ ಕೆಮ್ಮಿದಳು. ಮಾತು ಹೆಚ್ಚುಕಡಿಮೆ ನಿಂತೇಹೋಯಿತು. ಆ ಒಂದು ಕರೆ ಮಾತ್ರ ಉಳಿಯಿತು. ರಾಜಮತಿ ಬೆನ್ನು ಮಾಡಿ ಕೂತಾಗಲೆಲ್ಲ ಆಯಿ ಎಂದು ಕೇಳುತ್ತಿತ್ತು. ತಿರುಗಿ ನೋಡಲು ಅವಳಿಗೆ ಧೈರ್ಯ ಬೇಕಾಗುತ್ತಿತ್ತು. ಆದರೂ ದಿನವೂ ಐದೂವರೆಗೆ ಏಳುತ್ತಿದ್ದಳು. ನಿಲ್ಲಿಸಿದರೂ ಹೋಗದಿದ್ದವಳು ಮತ್ತೆ ಕೊಟ್ಟರೆ ಏನು ಮಾಡುತ್ತಾಳೋ ಎಂಬ ಹೆದರಿಕೆ ಈಗ.

ಹನ್ನೊಂದನೆಯ ದಿನ ಡಾಕ್ಟರಬಾಯಿಯೇ ಫೋನು ಮಾಡಿದಳು. ಒಂದು ದಿನದ ಮೂತ್ರ ಪೂರ್ತಿ ಹಿಡಿದು ಕಳಿಸಿದ್ದ ಪರೀಕ್ಷೆಯ ವರದಿ ಬಂದಿತ್ತು. ಆದಪ್ಪ ಸ್ಪೀಕರು ಹಾಕಿದ.

"ಔಷಧ ಹಚ್ಚಿದ ಮ್ಯಾಲೆ ಮೂತ್ರದಾಗ ತಾಮ್ರ ಭಾಳ ಹೆಚ್ಚಾಗಿ ಬರಬೇಕಿತ್ತು. ಮೊದಲಿನಷ್ಟ ಐತಿ. ಡೋಸ್ ಏನರ ತಪ್ಪ್ಯಾವೇನ್ರಿ?"

"ಒಂದೂ ತಪ್ಪಿಲ್ರಿ," ಎಂದ ಆದಪ್ಪ. "ನಮ್ಮ ಮನಿಯವರು ತಮ್ಮ ಕೈಯಾರೆ ಕೊಡತಾರ್ರಿ. ನುಂಗೂ ತನಕಾ ನಿಂತಿರತಾರ. ಈಗೀಗ ನುಂಗೂದು ತ್ರಾಸ ಆಗೇತ್ರಿ."

"ಹಂಗಾರ ಡೋಸ್ ಹೆಚ್ಚು ಮಾಡೂದು ಬರತೈತಿ. ನುಂಗೂದು ತ್ರಾಸ ಅಂದ್ರ ನಾಳಿಗೇ ಇಲ್ಲಿ ಕರಕೊಂಡ ಬರ್ರಿ. ಹೊಸಾ ಬಾಟಲಿ ತಗೊಂಡಿರ್ರಿ."

ಆದಪ್ಪ ಅಂಗಿ ಹಾಕಿಕೊಂಡು ಜಮಖಂಡಿಗೆ ಹೊರಟ. ಆ ಔಷಧ ಎಲ್ಲ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ; ಬಾಳೇಶ ಎಂಬ ಔಷಧದಂಗಡಿಯವನು ತರಿಸಿ ಇಟ್ಟಿರುತ್ತಿದ್ದ. ರಾಜಮತಿ ಬಾಗಿಲಲ್ಲಿ ನಿಂತು ಗಂಡನ ಬೈಕು ಓಣಿ ದಾಟುವುದನ್ನು ನೋಡಿದಳು. ಅವಳ ತಲೆಯಲ್ಲಿ ಒಂದು ದಾರಿ ಹೊಳೆದಿತ್ತು. ಹೊಸ ಬಾಟಲಿ ಬಂದ ಮೇಲೆ ಹಿಟ್ಟು ಬಿಟ್ಟು ಖರೆ ಔಷಧವನ್ನೇ ಕೊಟ್ಟುಬಿಡುವುದು. ಹೆಚ್ಚು ಮಾಡಿದ ಡೋಸೇ ಆಗಲಿ. ನಡುವಿನ ಹನ್ನೊಂದು ದಿನ ಯಾರಿಗೂ ಗೊತ್ತಾಗಬೇಕಿಲ್ಲ.

ಮಧ್ಯಾಹ್ನ ಮೂರರ ಸುಮಾರಿಗೆ ಕರೆಂಟು ಹೋಯಿತು. ಓಣಿಯ ಮಗ್ಗಗಳೆಲ್ಲ ಒಮ್ಮೆಲೆ ನಿಂತವು. ಬೆಳಗಿನಿಂದ ಬಡಿಯುತ್ತಿದ್ದ ಸದ್ದು ಹೋದ ಮೇಲೆ ಮನೆ ಬಾವಿಯ ಒಳಗಿನ ಹಾಗಾಯಿತು. ಹಿಂದಿನ ಕೋಣೆಯಲ್ಲಿ ಉಸಿರಾಟ ಕೇಳುತ್ತಿತ್ತು. ಹಲ್ಲಿನ ನಡುವಿನಿಂದ ಹೋಗಿ ಬರುವ ಉಸಿರು.

"ಆಯಿ."

ರಾಜಮತಿ ಹೋಗಿ ಮಂಚದ ಎದುರು ನೆಲದ ಮೇಲೆ ಕೂತಳು. ಕಿಟಕಿಯ ಬೆಳಕು ಸುಪ್ರೀತಾಳ ಕಣ್ಣಿಗೆ ಅಡ್ಡವಾಗಿ ಬಿದ್ದಿತ್ತು, ಕರಿಗುಡ್ಡೆಯ ಸುತ್ತಿನ ಬಳೆ ಹೊಳೆಯುತ್ತಿತ್ತು. ತಿರುಚಿದ ಕುತ್ತಿಗೆಯ ಮೇಲಿಂದ ಆ ಮುಖ ಓರೆಯಾಗಿ ಅವಳನ್ನು ನೋಡಿ ನಗುತ್ತಿತ್ತು. ಒಂಬತ್ತು ವರ್ಷ ನುಂಗಿಕೊಂಡಿದ್ದ ಮಾತು ರಾಜಮತಿಯ ಬಾಯಿಂದ ಹೊರಬಿತ್ತು.

"ನೇಹಾ," ಎಂದಳು. "ನಿನಗ ಈ ಔಷಧ ಕೊಡಸಲಿಲ್ಲ ಅಂತ ಸಿಟ್ಟ ಐತೇನ ನನ್ನ ಮ್ಯಾಲೆ? ನನಗ ಗೊತ್ತಿರಲಿಲ್ಲವ್ವ. ಬೇಕಾದ್ರ ನನ್ನ ಕರಕೊಂಡ ಹೋಗು. ತಂಗಿನ್ನ ಬಿಟ್ಟಬಿಡು. ಔಷಧನೂ ನಿಲ್ಲಿಸೇನಿ, ಬರೇ ಹಿಟ್ಟು ಕೊಡಾಕತ್ತೇನಿ. ಇನ್ನರ ಬಿಡು ಅಕಿನ್ನ."

ಮುಖ ನಗುತ್ತಲೇ ಇತ್ತು. ಕಣ್ಣು ತುಂಬಿ ಬಂದವು. ನೀರು ಕೆನ್ನೆಯ ಮೇಲೆ ಇಳಿದು ಬಿಚ್ಚಿದ ಹಲ್ಲಿನ ಮೇಲೆ ಹರಿಯಿತು. ಬಲಗೈ ಮಂಚದ ಪಕ್ಕದಲ್ಲಿ ಏನನ್ನೋ ತಡಕಾಡಿತು. ಮಕ್ಕಳಿಗೆ ಕಲಿಸುವಾಗ ಬಳಸುವ ಪಾಟಿ ಅಲ್ಲಿತ್ತು. ಬಳಪ ಎರಡು ಸಲ ಬಿತ್ತು. ಮೂರನೆಯ ಸಲ ಮುಷ್ಟಿಯಲ್ಲಿ ಹಿಡಿದು ಬರೆಯಲು ಹತ್ತಿದಳು. ಒಂದೊಂದು ಅಕ್ಷರಕ್ಕೂ ಬಹಳ ಹೊತ್ತು ಹಿಡಿಯಿತು. ರಾಜಮತಿಗೆ ಓಡಿಹೋಗಬೇಕೆನಿಸಿತು.

ಪಾಟಿ ಅವಳ ಕಡೆ ತಿರುಗಿತು. ಸಾಲು ದೊಡ್ಡದಾಗಿ ಶುರುವಾಗಿ ಬಲಕ್ಕೆ ಇರುವೆಗಳಾಗಿತ್ತು. ನೇಹಾಳದೇ ಅಕ್ಷರ. ರಾಜಮತಿ ಕಣ್ಣು ಕಿರಿದು ಮಾಡಿ ಓದಿದಳು.

ಅಕ್ಕ ಬಂದಿಲ್ಲ. ನಾನ ಅದೀನಿ.

ಮತ್ತೆ ಪಾಟಿಯನ್ನು ಅಂಗೈಯಿಂದ ಒರೆಸಿ ಬರೆದಳು. ತುಟಿ ಕೂಡವಲ್ವು. ವ್ವ ಅನ್ನಾಕ ಬರವಲ್ದು.

ರಾಜಮತಿ ಎರಡನೆಯ ಸಾಲನ್ನು ನೋಡುತ್ತ ಕೂತಳು. ಆಮೇಲೆ ತನಗೇ ತಿಳಿಯದಂತೆ, ತುಟಿ ಬಿಚ್ಚಿ ಹಲ್ಲು ಕಚ್ಚಿ, ಅವ್ವ ಎಂದು ನೋಡಿದಳು. ಬರಲಿಲ್ಲ. ಆಯಿ ಎಂದು ನೋಡಿದಳು. ಬಂದಿತು.

ಮಗಳು ಇಷ್ಟು ದಿನ ಆ ಮುಖದ ಹಿಂದೆ ಒಬ್ಬಳೇ ಇದ್ದಳು. ಕರೆಯುತ್ತಿದ್ದಳು. ಕರೆದಾಗಲೆಲ್ಲ ತಾಯಿ ಹೆದರಿ ಹಿಂದೆ ಸರಿದಿದ್ದನ್ನು ನೋಡುತ್ತಿದ್ದಳು.

ರಾಜಮತಿ ಎದ್ದು ಮಂಚದ ಮೇಲೆ ಕೂತು ಆ ತಿರುಚಿದ ತಲೆಯನ್ನು ಎದೆಗೆ ಒತ್ತಿಕೊಂಡಳು. ಎರಡು ವಾರದಿಂದ ಅವಳು ಮಗಳನ್ನು ಮುಟ್ಟಿದ್ದು ಔಷಧ ಕೊಡಲು, ಮೈ ತೊಳೆಸಲು ಅಷ್ಟೇ. ಸುಪ್ರೀತಾಳ ಮೈ ಮೊದಲು ಕಟ್ಟಿಗೆಯಂತಿದ್ದು ಆಮೇಲೆ ತುಸು ಸಡಿಲಾಯಿತು. ಹಾಗೆಯೇ ಕೂತು ಒಂದು ಕೈಯಿಂದ ಮೊಬೈಲು ತೆಗೆದು ರಾಜಮತಿ ಬೆಳಗಾವಿಗೆ ಫೋನು ಹಚ್ಚಿದಳು. ಎಲ್ಲ ಹೇಳಿದಳು. ಹಿಟ್ಟು, ಬಚ್ಚಲು, ಹನ್ನೊಂದು ದಿನ. ಹೊಸ ಬಾಟಲಿಯ ಬಗ್ಗೆ ಬೆಳಿಗ್ಗೆ ಮನಸ್ಸಿನಲ್ಲಿ ಹಾಕಿದ್ದ ಯೋಚನೆಯನ್ನೂ ಹೇಳಿದಳು.

ಡಾಕ್ಟರಬಾಯಿ ಕೊನೆಯ ಖರೆ ಕ್ಯಾಪ್ಸೂಲು ಯಾವತ್ತು ಕೊಟ್ಟದ್ದು ಎಂದು ಕೇಳಿದಳು.

"ಒಂದು ಕ್ಯಾಪ್ಸೂಲೂ ಕೊಡಬ್ಯಾಡ್ರಿ ಇವತ್ತ," ಎಂದಳು ಡಾಕ್ಟರಬಾಯಿ. ದನಿ ಏರಿರಲಿಲ್ಲ. "ಈ ಔಷಧ ಇಷ್ಟು ದಿನ ಬಿಟ್ಟು ಮತ್ತ ಪೂರ್ತಿ ಡೋಸ್ ಹಚ್ಚಿದ್ರ ಮೈ ತಿರುಗಿ ಬೀಳಬಹುದು. ಜ್ವರ ಬರಬಹುದು, ಮೈಯೆಲ್ಲಾ ಗಂಧೆ ಏಳಬಹುದು, ಅದಕ್ಕಿಂತ ಕೆಟ್ಟದ್ದೂ ಆಗಬಹುದು. ನೀವು ಸುಮ್ಮನಿದ್ದು ನಾಳಿಗೆ ಹೆಚ್ಚಿನ ಡೋಸ್ ಕೊಟ್ಟಿದ್ರ ನಾ ಏನ ನಡದೈತಿ ಅಂತ ಹುಡಕೋತ ಕುಂಡ್ರತಿದ್ನಿ. ಹೇಳಿದ್ದು ಛಲೋ ಆತು. ಇವತ್ತ ಹೊರಡ್ರಿ, ನಾಳಿ ತನಕಾ ಕಾಯಬ್ಯಾಡ್ರಿ. ಬಾಯಿಗೆ ಏನೂ ಹಾಕಬ್ಯಾಡ್ರಿ, ನೆತ್ತಿಗೆ ಹತ್ತೀತು."

ಆದಪ್ಪ ಬಾಟಲಿ ಹಿಡಿದು ಬಂದಾಗ ರಾಜಮತಿ ಅಂಗಳದಲ್ಲಿಯೇ ನಿಲ್ಲಿಸಿ ಹೇಳಿದಳು. ಅವನು ಕಟ್ಟೆಯ ಮೇಲೆ ಕೂತ. ಬಯ್ಯಲಿಲ್ಲ. "ನಾ ಅವರಿಗೆ ಒಂದೂ ತಪ್ಪಿಲ್ಲ ಅಂತ ಖಾತ್ರಿ ಕೊಟ್ಟಿದ್ನೆಲ್ಲ, ರಾಜಮತಿ," ಎಂದ. ಆಮೇಲೆ, "ನಾನೂ ಅದನ್ನ ಅಂದಕೊಂಡಿದ್ನಿ. ನೇಹಾ ಬಂದಾಳ ಅಂತ," ಎಂದು ಎದ್ದು ಕಾರು ಹೇಳಲು ಹೋದ.

ಬೆಳಗಾವಿಯಲ್ಲಿ ಮತ್ತೆ ಮೊದಲಿನಿಂದ ಶುರುವಾಯಿತು. ಸಣ್ಣ ಡೋಸಿನಿಂದ, ಆಸ್ಪತ್ರೆಯಲ್ಲಿಯೇ, ದಿನವೂ ಮೈ ನೋಡುತ್ತ. ಐದನೆಯ ದಿನ ಬೆನ್ನಿನ ಮೇಲೆ ಕೆಂಪು ಗಂಧೆ ಕಂಡವು. ಔಷಧ ತಡೆದು, ಅದಕ್ಕೊಂದು ಗುಳಿಗೆ ಕೊಟ್ಟು, ಇನ್ನೂ ಸಣ್ಣದಾಗಿ ಮತ್ತೆ ಹಚ್ಚಿದರು. ಮೈ ಒಪ್ಪಿಕೊಂಡಿತು. ಮೂರು ವಾರದ ಮೇಲೆ ಮನೆಗೆ ಬಂದರು.

ಸುಪ್ರೀತಾ ಬಂದ ದಿನವೇ ಪಾಟಿಯ ಮೇಲೆ ಬರೆದು ತೋರಿಸಿದಳು. ಔಷಧದ ಡಬ್ಬಿ ನನ್ನ ಕಡೆ ಇರಲಿ. ಮುಚ್ಚಳ ತೆರೆಯಲು ಅಪ್ಪನನ್ನು ಕರೆಯುತ್ತಿದ್ದಳು. ಮೊದಲ ತಿಂಗಳು ನುಂಗುವ ಮೊದಲು ಪ್ರತಿಯೊಂದನ್ನೂ ಮೂಗಿನ ಹತ್ತಿರ ಹಿಡಿದು ವಾಸನೆ ನೋಡುತ್ತಿದ್ದಳು. ಮಗಳು ಅದನ್ನು ಸಿಟ್ಟಿನಿಂದ ಮಾಡುತ್ತಿರಲಿಲ್ಲ. ಆದರೂ ರಾಜಮತಿ ಆ ವೇಳೆಗೆ ಹಿತ್ತಲಿಗೆ ಹೋಗುತ್ತಿದ್ದಳು.

ಸಂಕ್ರಮಣದ ಹೊತ್ತಿಗೆ ಕುತ್ತಿಗೆ ನೆಟ್ಟಗಾಯಿತು. ಹೋಳಿಯ ಹೊತ್ತಿಗೆ ತುಟಿ ಕೂಡಿದವು. ಮಾತು ನಿಧಾನವಾಗಿ, ಭಾರವಾಗಿ ಬರತೊಡಗಿತು. ಕೈಬರಹ ಮಾತ್ರ ಮೊದಲಿನಂತಾಗಲಿಲ್ಲ. ಆಗುತ್ತದೋ ಇಲ್ಲವೋ ಹೇಳಲಾಗದು ಎಂದಳು ಡಾಕ್ಟರಬಾಯಿ. ಪರೀಕ್ಷೆಗಳು ತಿಂಗಳಿಗೊಮ್ಮೆ ನಡೆದವು.

ಶುಭಂ ತನ್ನ ರಕ್ತದ ಪರೀಕ್ಷೆಯನ್ನು ಮುಂದೂಡುತ್ತ ಬಂದಿದ್ದ. ನನಗೇನಾಗೇತಿ ಎನ್ನುತ್ತಿದ್ದ. ಮೇ ತಿಂಗಳಲ್ಲಿ ಕಾಲೇಜು ಮುಗಿದ ಮೇಲೆ ಸುಪ್ರೀತಾಳೇ ಅವನನ್ನು ಬೆಳಗಾವಿಗೆ ಕರೆದುಕೊಂಡು ಹೋದಳು. ರಕ್ತ ಕೊಟ್ಟ, ಮೂತ್ರ ಕೊಟ್ಟ, ಕಣ್ಣು ತೋರಿಸಿದ. ಕಣ್ಣಲ್ಲಿ ಏನೂ ಇರಲಿಲ್ಲ. ಹದಿನೈದು ದಿನಕ್ಕೆ ವರದಿ ಮೊಬೈಲಿಗೆ ಬಂದಿತು. ಆದಪ್ಪ ಓದಿ ಮಗನ ಕೈಗೆ ಕೊಟ್ಟ. ಅವನಿಗೂ ಇತ್ತು. ಇನ್ನೂ ಯಾವ ಗುರುತೂ ತೋರಿಸದೆ ಲಿವರಿನಲ್ಲಿ ಸುಮ್ಮನೆ ಕೂತಿತ್ತು. ಅವನಿಗೆ ಸತುವಿನ ಗುಳಿಗೆ ಸಾಕು, ಈಗಲೇ ಹಚ್ಚಿದರೆ ನಡುಕವೂ ಬಾರದು ಮತ್ತೊಂದೂ ಬಾರದು, ಆದರೆ ಸಾಯುವ ತನಕ ಬಿಡುವಂತಿಲ್ಲ ಎಂದು ಡಾಕ್ಟರಬಾಯಿ ಹೇಳಿದ್ದಳು.

ಶುಭಂ ಮೊಬೈಲನ್ನು ತಂದೆಯ ಕೈಗೆ ಕೊಟ್ಟು ಮಾಳಿಗೆ ಹತ್ತಿದ. ಸುಪ್ರೀತಾ ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಏರಿ ಹಿಂದೆ ಹೋದಳು. ರಾಜಮತಿ ಅರ್ಧ ಮೆಟ್ಟಿಲಿನ ತನಕ ಹೋಗಿ ನಿಂತಳು. ಮಗ್ಗದ ಸದ್ದಿನಲ್ಲಿ ಮಾತು ಪೂರ್ತಿ ಕೇಳುತ್ತಿರಲಿಲ್ಲ.

"ಸಾಯೂ ತನಕಾ ಅಂದ್ರ ಸಾಯೂ ತನಕಾ ಏನ?" ಎಂದು ಅವನು ಕೇಳಿದ.

ಅದಕ್ಕೆ ಸುಪ್ರೀತಾ ನಿಧಾನವಾಗಿ, ಒಂದೊಂದು ಮಾತನ್ನೂ ಹುಡುಕಿ ಜೋಡಿಸುತ್ತ ಏನೋ ಹೇಳತೊಡಗಿದಳು. ಬಹಳ ಹೊತ್ತು ಹೇಳಿದಳು.

ರಾಜಮತಿ ಮೆಟ್ಟಿಲು ಇಳಿದಳು. ಹೊತ್ತು ಮುಳುಗಲು ಇನ್ನೂ ಅರ್ಧ ತಾಸಿತ್ತು. ರೊಟ್ಟಿ ಬಿಸಿ ಮಾಡಿ, ನಾಲ್ಕು ತಾಟು ಹಾಕಿ, ಅವರಾಗಿಯೇ ಕೆಳಗೆ ಬರಲಿ ಎಂದು ಕೂತಳು.